ಜಾಹೀರಾತಿಗೂ ಮೊದಲೇ: ಫ್ಲೂಯಿಡ್ ಡೈನಮಿಕ್ಸ್‌ನಲ್ಲಿ ಪೋಸ್ಟ್‌ಡಾಕ್ ಹುಡುಕುವವರಿಗೆ

ಥೀಸಿಸ್ ಬೈಂಡ್ ಆಗಿ ಬರಲಿ, ಆಮೇಲೆ ಪೋಸ್ಟ್‌ಡಾಕ್ ಹುಡುಕಿದರಾಯಿತು ಎಂದುಕೊಂಡಿರುವವರು ನಮ್ಮಲ್ಲಿ ಬಹಳ ಮಂದಿ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಈ ಹುದ್ದೆಗಳು ಹುಟ್ಟುವ ಕ್ರಮವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಪ್ರಾಧ್ಯಾಪಕರೊಬ್ಬರು ಸಂಶೋಧನಾ ಯೋಜನೆ ಬರೆದು ಹಣಕ್ಕೆ ಅರ್ಜಿ ಹಾಕುತ್ತಾರೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಹಣ ಮಂಜೂರಾಗುತ್ತದೆ. ಈ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಲಿ ಎಂಬ ಯೋಚನೆ ಆ ದಿನವೇ ಅವರಿಗೆ ಶುರುವಾಗುತ್ತದೆ. ಜಾಹೀರಾತು ಹೊರಬೀಳುವುದು ಆಮೇಲೆ, ಎಷ್ಟೋ ಸಲ ತಿಂಗಳುಗಳು ಕಳೆದ ಮೇಲೆ. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಒಂದೆರಡು ಹೆಸರುಗಳು ಇದ್ದೇ ಇರುತ್ತವೆ. ಮೋಸವೇನೂ ಇಲ್ಲ ಇದರಲ್ಲಿ. ಯಾರ ಪೇಪರ್ ಓದಿದ್ದಾರೋ, ಯಾರ ಭಾಷಣ ಕೇಳಿದ್ದಾರೋ, ಯಾರ ಪತ್ರ ಬಂದಿತ್ತೋ ಅವರ ನೆನಪಾಗುವುದು ಸಹಜ.

ಹಾಗಾಗಿ ಥೀಸಿಸ್ ಸಲ್ಲಿಸುವುದಕ್ಕೆ ಒಂದು ವರ್ಷ ಮುಂಚೆಯೇ ಹುಡುಕಾಟ ಶುರುವಾಗಬೇಕು. ಹೊರದೇಶದ ಫೆಲೋಶಿಪ್ ಮೇಲೆ ಕಣ್ಣಿದ್ದರೆ ಇನ್ನೂ ಮೂರು ತಿಂಗಳು ಮೊದಲು ಹೊರಟರೂ ಹೆಚ್ಚಲ್ಲ.

ಹೆಸರು ನೋಡಿ ಹುಡುಕಬೇಡಿ

ಫ್ಲೂಯಿಡ್ ಡೈನಮಿಕ್ಸ್ ಓದಿದವರು ಹುದ್ದೆ ಹುಡುಕುವಾಗ ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ವಿಭಾಗಗಳನ್ನು ಮಾತ್ರ ನೋಡುತ್ತಾರೆ. ಹರಿವಿನ ವಿಜ್ಞಾನ ಬೇಕಾಗಿರುವ ಅರ್ಧದಷ್ಟು ಜಾಗಗಳಾದರೂ ಹೀಗೆ ಕೈತಪ್ಪಿ ಹೋಗುತ್ತವೆ ಎಂಬುದು ನನ್ನ ಅಂದಾಜು. ಹನಿ ಒಡೆಯುವುದರ ಮೇಲೆ ಸುರತ್ಕಲ್‌ನಲ್ಲೋ ಧಾರವಾಡದಲ್ಲೋ ಪಿಎಚ್.ಡಿ ಮಾಡಿದವರೊಬ್ಬರನ್ನು ಊಹಿಸಿಕೊಳ್ಳಿ. ಇಂಜಿನ್‌ನ ಇಂಧನ ಸ್ಪ್ರೇ ಅವರ ಮೊದಲ ಗುರಿ, ಸರಿ. ಆದರೆ ಇಂಕ್‌ಜೆಟ್ ಮುದ್ರಣದಲ್ಲೂ ಹನಿಯೇ ವಿಷಯ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಫಿಸಿಕ್ಸ್ ಆಫ್ ಫ್ಲೂಯಿಡ್ಸ್ ಗುಂಪು ಅದರಲ್ಲಿ ದಶಕಗಳಿಂದ ಕೆಲಸ ಮಾಡಿದೆ. ಅತಿಸೂಕ್ಷ್ಮ ಚಿಪ್‌ಗಳನ್ನು ಮಾಡಲು ಬೇಕಾದ, ಎಎಸ್‌ಎಂಎಲ್ ಕಂಪನಿ ತಯಾರಿಸುವ ಯಂತ್ರದೊಳಗೆ ಸೆಕೆಂಡಿಗೆ ಸುಮಾರು 50,000 ಕರಗಿದ ತವರದ ಹನಿಗಳು ಬೀಳುತ್ತವೆ. ಪ್ರತಿ ಹನಿಗೂ ಲೇಸರ್ ಹೊಡೆದು ಅದನ್ನು ಚಪ್ಪಟೆ ಮಾಡಿ, ಮತ್ತೆ ಹೊಡೆದು ಬೆಳಕು ಹೊರಡಿಸುತ್ತಾರೆ. ಆ ಹನಿ ಹೇಗೆ ಹರಡುತ್ತದೆ ಎಂಬುದು ಅಪ್ಪಟ ಫ್ಲೂಯಿಡ್ ಡೈನಮಿಕ್ಸ್. ಅದನ್ನು ಅಧ್ಯಯನ ಮಾಡುವ ಆಮ್‌ಸ್ಟರ್‌ಡ್ಯಾಮ್‌ನ ಸಂಸ್ಥೆಯ ಹೆಸರಿನಲ್ಲಿ ಇರುವುದು ನ್ಯಾನೊಲಿಥೋಗ್ರಫಿ. ಕೆಮ್ಮಿದಾಗ ಹಾರುವ ಹನಿ, ಎಲೆಯ ಮೇಲೆ ಬಿದ್ದ ಕೀಟನಾಶಕದ ಹನಿ, ಮೋಡದೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆದು ದೊಡ್ಡದಾಗುವ ಹನಿ, ಎಲ್ಲಕ್ಕೂ ಬೇಕಾದ ಗಣಿತ ಆ ಪಿಎಚ್.ಡಿಯವರ ಕೈಯಲ್ಲಿದೆ.

ಬೆಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ವಾಯುಯಾನದ ಹರಿವುಗಳನ್ನು ಅಧ್ಯಯನ ಮಾಡಿದ ರೊದ್ದಂ ನರಸಿಂಹ ಅವರು ಮುಂದೆ ಮುಂಗಾರು ಮತ್ತು ಮೋಡಗಳ ಕಡೆಗೆ ತಿರುಗಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಅವರೂ ಸಂಗಡಿಗರೂ ನೀರಿನ ತೊಟ್ಟಿಯೊಳಗೆ ಏರುವ ಹರಿವಿಗೆ ಮಧ್ಯದಲ್ಲಿ ವಿದ್ಯುತ್ತಿನಿಂದ ಶಾಖ ಕೊಟ್ಟು, ಕ್ಯುಮುಲಸ್ ಮೋಡದಂಥ ಆಕಾರಗಳನ್ನು ಮೂಡಿಸಿದರು. 2011ರಲ್ಲಿ ಪ್ರಕಟವಾದ ಆ ಕೆಲಸ ಹವಾಮಾನದವರಿಗೂ ಫ್ಲೂಯಿಡ್ ಮೆಕ್ಯಾನಿಕ್ಸ್‌ನವರಿಗೂ ಒಟ್ಟಿಗೆ ಸಲ್ಲುವಂಥದ್ದು. ಜೆಟ್ ಮತ್ತು ಪ್ಲೂಮ್‌ಗಳ ಮೇಲೆ ಥೀಸಿಸ್ ಬರೆದವರು ಹವಾಮಾನ ಸಂಸ್ಥೆಗಳನ್ನು ಹೊರಗಿಡಬಾರದು. ಐಐಎಸ್‌ಸಿಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ, ಪುಣೆಯ ಐಐಟಿಎಂ, ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆ ಇಂಥವೂ ನಿಮ್ಮ ಪಟ್ಟಿಯಲ್ಲಿರಲಿ. ರಕ್ತನಾಳದ ಹರಿವು, ಗಾಳಿಯಂತ್ರಗಳ ಸಾಲು, ಜ್ವಾಲಾಮುಖಿಯ ಬೂದಿ, ಹಿಮನದಿ, ಫ್ಯೂಷನ್ ರಿಯಾಕ್ಟರಿನ ದ್ರವಲೋಹ ಇವೆಲ್ಲವೂ ಬೇರೆ ಬೇರೆ ವಿಭಾಗಗಳ ಹೆಸರಿನಲ್ಲಿ ಅಡಗಿರುತ್ತವೆ.

ಒಂದು ಹಾಳೆ ತೆಗೆದುಕೊಂಡು ನಿಮಗೆ ಬರುವ ವಿದ್ಯೆಗಳನ್ನು ವಿಷಯದ ಹೆಸರು ಹೇಳದೆ ಬರೆಯಿರಿ. ಸ್ಥಿರತೆಯ ವಿಶ್ಲೇಷಣೆ, ಹೈ ಸ್ಪೀಡ್ ಇಮೇಜಿಂಗ್, ಪಿಐವಿ, ಡಿಎನ್‌ಎಸ್ ಕೋಡ್ ಬರೆಯುವುದು, ಓಪನ್‌ಫೋಮ್ ಅಥವಾ ನೆಕ್5000 ಬಳಕೆ, ಜಿಪಿಯು ಮೇಲೆ ಕೋಡ್ ಓಡಿಸುವುದು, ಹೀಗೆ. ಯಾವ ಯಾವ ಜಗತ್ತಿನವರಿಗೆ ಇದು ಬೇಕು ಎಂದು ಅದರ ಎದುರಿಗೆ ಬರೆಯುತ್ತ ಹೋಗಿ. ನಿಮ್ಮ ಪಟ್ಟಿ ಎರಡರಷ್ಟಾಗುತ್ತದೆ.

ಹಣ ಎಲ್ಲಿ ಮಂಜೂರಾಯಿತು?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಂಶೋಧನೆಗೆ ಮಂಜೂರಾದ ಸರ್ಕಾರಿ ಹಣದ ವಿವರ ಬಹುತೇಕ ದೇಶಗಳಲ್ಲಿ ಸಾರ್ವಜನಿಕ. ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಅಂದರೆ ಇಆರ್‌ಸಿ, ಐದು ವರ್ಷದ ಗ್ರಾಂಟ್‌ಗಳನ್ನು ಕೊಡುತ್ತದೆ. ಸ್ಟಾರ್ಟಿಂಗ್ ಗ್ರಾಂಟ್ ಸುಮಾರು 15 ಲಕ್ಷ ಯೂರೋವರೆಗೆ, ಕನ್ಸಾಲಿಡೇಟರ್ 20 ಲಕ್ಷದವರೆಗೆ, ಅಡ್ವಾನ್ಸ್‌ಡ್ 25 ಲಕ್ಷದವರೆಗೆ. ಸ್ಟಾರ್ಟಿಂಗ್ ಗ್ರಾಂಟ್ ಗೆದ್ದವರ ಪಟ್ಟಿ ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ, ಕನ್ಸಾಲಿಡೇಟರ್ ಪಟ್ಟಿ ವರ್ಷದ ಕೊನೆಗೆ. ಹೆಸರು, ಸಂಸ್ಥೆ, ಯೋಜನೆಯ ಶೀರ್ಷಿಕೆ ಎಲ್ಲವೂ ಅದರಲ್ಲಿ ಇರುತ್ತವೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಹೆಚ್ಚಿನ ಯೋಜನೆಗಳು ಪಿಇ8 ಎಂಬ ಇಂಜಿನಿಯರಿಂಗ್ ಸಮಿತಿಯ ಅಡಿಯಲ್ಲಿ ಬರುತ್ತವೆ. ಭೌತಶಾಸ್ತ್ರ ಮತ್ತು ಭೂವಿಜ್ಞಾನದ ಸಮಿತಿಗಳ ಪಟ್ಟಿಯನ್ನೂ ಒಮ್ಮೆ ಓದಿ. ಅಷ್ಟು ಹಣ ಪಡೆದವರು ಮುಂದಿನ ಒಂದೂವರೆ ವರ್ಷದಲ್ಲಿ ಸಾಮಾನ್ಯವಾಗಿ ಒಬ್ಬಿಬ್ಬರಾದರೂ ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಎಳೆಯ ಪ್ರಾಧ್ಯಾಪಕರು, ಹೊಸದಾಗಿ ಗುಂಪು ಕಟ್ಟುತ್ತಿರುವವರು. ನೂರಾರು ಪತ್ರ ಬರುವ ಪ್ರಸಿದ್ಧರಿಗಿಂತ ಇವರು ನಿಮ್ಮ ಪತ್ರವನ್ನು ಗಮನವಿಟ್ಟು ಓದುವ ಸಾಧ್ಯತೆ ಹೆಚ್ಚು.

ಅಮೆರಿಕದಲ್ಲಿ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನಲ್ಲಿ ಫ್ಲೂಯಿಡ್ ಡೈನಮಿಕ್ಸ್ ಹೆಸರಿನದೇ ಒಂದು ಕಾರ್ಯಕ್ರಮವಿದೆ. ಅದು ಕೊಟ್ಟ ಗ್ರಾಂಟ್‌ಗಳನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಬ್ರಿಟನ್ನಿನ ಯುಕೆಆರ್‌ಐ ಮತ್ತು ಜರ್ಮನಿಯ ಡಿಎಫ್‌ಜಿಯ ದತ್ತಾಂಶವೂ ತೆರೆದೇ ಇದೆ. ಇನ್ನೊಂದು ದಾರಿ, ಪೇಪರ್‌ಗಳ ಕೊನೆಯಲ್ಲಿ ಬರುವ ಕೃತಜ್ಞತೆಯ ಸಾಲುಗಳು. ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲೋ ಫಿಸಿಕಲ್ ರಿವ್ಯೂ ಫ್ಲೂಯಿಡ್ಸ್‌ನಲ್ಲೋ ನಿಮಗೆ ಹಿಡಿಸಿದ ಪೇಪರ್ ಕಂಡರೆ, ಯಾರ ಹಣದಲ್ಲಿ ಅದು ನಡೆಯಿತು, ಆ ಯೋಜನೆಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ನೋಡಿ. ಮುಗಿಯುತ್ತ ಬಂದಿದ್ದರೆ ಅಲ್ಲಿ ಸದ್ಯ ಜಾಗ ಇರಲಿಕ್ಕಿಲ್ಲ. ಈಗಷ್ಟೇ ಶುರುವಾಗಿದ್ದರೆ ಇವತ್ತೇ ಬರೆಯಿರಿ.

ಜಾಹೀರಾತು ನೋಡುವುದೇ ಬೇಡ ಎಂದಲ್ಲ. ಯುರೋಪಿಗೆ ಯುರಾಕ್ಸೆಸ್, ನೆದರ್‌ಲ್ಯಾಂಡ್ಸ್‌ಗೆ ಅಕಾಡೆಮಿಕ್‌ಟ್ರಾನ್ಸ್‌ಫರ್ ಇಂಥ ತಾಣಗಳನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಇಡೀ ದಿನ ಅದರಲ್ಲೇ ಕಳೆಯುವುದು ವ್ಯರ್ಥ.

ಪತ್ರ

ನೂರು ಜನರಿಗೆ ಒಂದೇ ಪತ್ರ ಕಳಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದನ್ನು ಬಿಡಬೇಕು. ‘ರೆಸ್ಪೆಕ್ಟೆಡ್ ಸರ್’ ಎಂದು ತೊಡಗಿ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಡಬೇಕೆಂದು ಕೋರುವ ಪತ್ರವನ್ನು ಮೊದಲ ಸಾಲಿಗೇ ಮುಚ್ಚಿಬಿಡುತ್ತಾರೆ. ಹೆಣ್ಣುಮಗಳೊಬ್ಬರಿಗೆ ‘ಸರ್’ ಎಂದು ಬರೆದ ಪತ್ರದ ಗತಿಯನ್ನಂತೂ ಹೇಳಬೇಕಿಲ್ಲ. ‘ಡಿಯರ್ ಪ್ರೊಫೆಸರ್’ ಎಂದು ಅವರ ಮನೆತನದ ಹೆಸರನ್ನು ತಪ್ಪಿಲ್ಲದೆ ಬರೆದರೆ ಗೌರವ ಅಷ್ಟರಲ್ಲೇ ಬಂತು.

ಪತ್ರ ಇನ್ನೂರೈವತ್ತು ಪದ ಮೀರದಿರಲಿ. ನೀವು ಯಾರು, ಯಾವಾಗ ಥೀಸಿಸ್ ಸಲ್ಲಿಸುತ್ತೀರಿ ಎಂಬುದಕ್ಕೆ ಒಂದೆರಡು ಸಾಲು. ನೀವು ಕಂಡುಕೊಂಡ ಫಲಿತಾಂಶ ಏನು ಎಂಬುದಕ್ಕೆ ಮೂರು ನಾಲ್ಕು ಸಾಲು. ಇಲ್ಲೇ ಬಹಳ ಜನ ಎಡವುತ್ತಾರೆ. ಮಾಡಿದ ಕೆಲಸವನ್ನು ಹೇಳುತ್ತಾರೆ, ಸಿಕ್ಕಿದ ಉತ್ತರವನ್ನು ಹೇಳುವುದಿಲ್ಲ. ‘ಒರಟು ಗೋಡೆಯ ಮೇಲಿನ ಟರ್ಬುಲೆಂಟ್ ಹರಿವನ್ನು ಅಧ್ಯಯನ ಮಾಡಿದೆ’ ಎಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ಒರಟುತನದ ಯಾವ ಗುಣ ಘರ್ಷಣೆಯನ್ನು ನಿರ್ಧರಿಸುತ್ತದೆ, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಬರೆದರೆ ಅವರು ಮುಂದೆ ಓದುತ್ತಾರೆ. ಆಮೇಲೆ ಅತಿ ಮುಖ್ಯವಾದ ಭಾಗ: ಅವರದೇ ಇತ್ತೀಚಿನ ಒಂದು ಪೇಪರ್ ಓದಿ, ಅದರಿಂದ ಏಳುವ ಒಂದು ಪ್ರಶ್ನೆಯನ್ನು ಮುಂದಿಡಿ, ಅದಕ್ಕೆ ನಿಮ್ಮ ಯಾವ ವಿದ್ಯೆ ಒದಗುತ್ತದೆ ಎಂದು ಹೇಳಿ. ಪೇಪರಿನ ಅಬ್‌ಸ್ಟ್ರಾಕ್ಟ್ ಮಾತ್ರ ಓದಿ ಹೊಗಳಿದ್ದು ಮುಚ್ಚಿಡಲಾಗದು. ಇಂಥ ಒಂದು ಪತ್ರಕ್ಕೆ ಎರಡು ದಿನ ಬೇಕಾಗಬಹುದು. ಅಂಥ ಹದಿನೈದು ಪತ್ರಗಳು ಸಾಲು ಸಾಲಾಗಿ ಕಳಿಸಿದ ಇನ್ನೂರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಜೊತೆಗೆ ಎರಡು ಪುಟದ ಸಿವಿ, ನಿಮ್ಮ ಅತ್ಯುತ್ತಮ ಪೇಪರ್ ಒಂದು. ಪೇಪರ್ ಇನ್ನೂ ಪ್ರಕಟವಾಗಿಲ್ಲವೇ? ಗೈಡ್ ಒಪ್ಪಿದರೆ ಆರ್ಕೈವ್ ಪ್ರಿಪ್ರಿಂಟ್ ತಾಣಕ್ಕೆ ಹಾಕಿ. ಜೆಎಫ್‌ಎಂನಂಥ ಜರ್ನಲ್‌ಗಳಲ್ಲಿ ವಿಮರ್ಶೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಕೆಲಸ ಯಾರ ಕಣ್ಣಿಗೂ ಬೀಳದೆ ಇರಬಾರದು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಬೇಸರ ಬೇಡ, ಮುಂದಿನವರಿಗೆ ಬರೆಯಿರಿ.

ಶಿಫಾರಸು ಪತ್ರ ಬರೆಯುವವರು ಮೂವರು ಬೇಕು. ಗೈಡ್ ಒಬ್ಬರು. ಉಳಿದಿಬ್ಬರನ್ನು ಸಲಹಾ ಸಮಿತಿಯಿಂದ ಆರಿಸುವುದು ವಾಡಿಕೆ. ಆದರೆ ಅವರು ನಿಮ್ಮ ಕೆಲಸವನ್ನು ವರ್ಷಕ್ಕೊಮ್ಮೆ ಮಾತ್ರ ಕಂಡಿರುತ್ತಾರೆ. ನಿಮ್ಮೊಂದಿಗೆ ಪೇಪರ್ ಬರೆದ ಹೊರಗಿನ ಸಹಯೋಗಿ ಇದ್ದರೆ ಅವರ ಮಾತಿಗೆ ತೂಕ ಹೆಚ್ಚು. ಗಡುವಿಗೆ ಒಂದು ತಿಂಗಳು ಮೊದಲೇ ಮೂವರಿಗೂ ತಿಳಿಸಿ, ಹುದ್ದೆಯ ವಿವರವನ್ನೂ ಕಳಿಸಿ.

ಸಮ್ಮೇಳನಗಳು

ಈ ಕ್ಷೇತ್ರದ ಅತಿ ದೊಡ್ಡ ಸಂತೆ ಎಂದರೆ ಅಮೆರಿಕನ್ ಫಿಸಿಕಲ್ ಸೊಸೈಟಿಯ ಫ್ಲೂಯಿಡ್ ಡೈನಮಿಕ್ಸ್ ವಿಭಾಗದ ವಾರ್ಷಿಕ ಸಭೆ. ಎಲ್ಲರೂ ಅದನ್ನು ಡಿಎಫ್‌ಡಿ ಎನ್ನುತ್ತಾರೆ. ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಭಾನುವಾರದಿಂದ ಮಂಗಳವಾರದವರೆಗೆ ನಡೆಯುತ್ತದೆ. ಸಾವಿರಾರು ಜನ ಸೇರುತ್ತಾರೆ. ಪ್ರತಿಯೊಬ್ಬರಿಗೂ ಸಿಗುವುದು ಹತ್ತು ನಿಮಿಷದ ಭಾಷಣ, ಮೇಲೆ ಒಂದೆರಡು ಪ್ರಶ್ನೆ. ಆ ಹತ್ತು ನಿಮಿಷಕ್ಕಿಂತ ಬೆಲೆಯುಳ್ಳದ್ದು ಕಾರಿಡಾರಿನ ಮಾತು. ಯಾರನ್ನು ಕಾಣಬೇಕೋ ಅವರಿಗೆ ಮೂರು ವಾರ ಮೊದಲೇ ಬರೆದು, ಹದಿನೈದು ನಿಮಿಷ ಕಾಫಿಗೆ ಸಮಯ ಕೇಳಿ. ಅಬ್‌ಸ್ಟ್ರಾಕ್ಟ್ ಕಳಿಸುವ ಗಡುವು ಅಲ್ಲಿನ ಬೇಸಿಗೆಯಲ್ಲೇ, ಅಂದರೆ ನಮ್ಮ ಆಷಾಢ ಶ್ರಾವಣದ ಹೊತ್ತಿಗೇ, ಮುಗಿಯುತ್ತದೆ. ವೀಸಾ ಸಂದರ್ಶನಕ್ಕೆ ಕಾಯಬೇಕಾದ ಕಾಲವನ್ನು ಲೆಕ್ಕಕ್ಕೆ ಹಿಡಿದರೆ ಅದಕ್ಕೂ ಮೊದಲೇ ತಯಾರಿ ಬೇಕು.

ಅಷ್ಟು ದೂರ ಹೋಗಲು ಎಲ್ಲರಿಗೂ ಹಣ ಸಿಗುವುದಿಲ್ಲ, ನಿಜ. ಆದರೆ ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಸಂಶೋಧನಾ ಕೇಂದ್ರದಲ್ಲಿ ಟರ್ಬುಲೆನ್ಸ್, ಮುಂಗಾರು, ಸಂಕೀರ್ಣ ದ್ರವಗಳ ಬಗ್ಗೆ ನಡೆಯುವ ಕಾರ್ಯಕ್ರಮಗಳಿಗೆ ಜಗತ್ತಿನ ದೊಡ್ಡ ದೊಡ್ಡವರು ಬಂದು ವಾರಗಟ್ಟಲೆ ಉಳಿಯುತ್ತಾರೆ. ಅಲ್ಲಿ ಊಟದ ಮೇಜಿನಲ್ಲಿ ನೀವು ಅವರ ಪಕ್ಕ ಕೂರಬಹುದು. ಕರ್ನಾಟಕದ ಬೇರೆ ಊರುಗಳ ವಿದ್ಯಾರ್ಥಿಗಳು ಇದನ್ನು ಬಳಸಿಕೊಳ್ಳುವುದು ಕಡಿಮೆ ಎಂಬ ನೋವು ನನಗಿದೆ. ಡಿಸೆಂಬರ್ ಸುಮಾರಿಗೆ ನಡೆಯುವ, ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್‌ನವರ ಎಫ್‌ಎಂಎಫ್‌ಪಿ ಸಮ್ಮೇಳನ ದೇಶದೊಳಗಿನ ಹುದ್ದೆ ಹುಡುಕುವವರಿಗೆ ಸರಿಯಾದ ಜಾಗ.

ಸ್ವಂತ ಹಣದೊಂದಿಗೆ ಹೋಗುವುದು

ಫೆಲೋಶಿಪ್ ಎಂದರೆ ನಿಮ್ಮ ಸಂಬಳವನ್ನು ನೀವೇ ಗೆದ್ದು ತರುವುದು. ಯಾವ ಗುಂಪೂ ಇದಕ್ಕೆ ಸುಲಭವಾಗಿ ಬೇಡ ಎನ್ನುವುದಿಲ್ಲ. ಆದರೆ ಸ್ಪರ್ಧೆ ಕಠಿಣವಾಗಿದೆ. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ 2024ರಲ್ಲಿ 10,360 ಅರ್ಜಿಗಳು ಬಂದಿದ್ದವು, 2025ರಲ್ಲಿ ಅದು 17,058ಕ್ಕೆ ಏರಿತು. ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್. ಹೋಗಲಿರುವ ದೇಶದಲ್ಲಿ ಗಡುವಿನ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಎಂಬುದು ಅದರ ನಿಯಮ. ಹತ್ತು ಪುಟದ ಪ್ರಸ್ತಾವನೆಯನ್ನು ಆತಿಥೇಯ ಪ್ರಾಧ್ಯಾಪಕರ ಜೊತೆ ಕೂತು ಬರೆಯಬೇಕು. ಜೂನ್ ಒಳಗೆ ಆತಿಥೇಯರು ಸಿಗದಿದ್ದರೆ ಆ ವರ್ಷ ಬಿಟ್ಟುಬಿಡುವುದೇ ಮೇಲು. ಅಂಕ ತೀರ ಕಡಿಮೆ ಬಂದರೆ ಮರುವರ್ಷದ ಅರ್ಜಿಗೂ ಅಡ್ಡಿಯಾಗುತ್ತದೆ.

ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್‌ಗೆ ಪಿಎಚ್.ಡಿ ಮುಗಿದು ನಾಲ್ಕು ವರ್ಷದೊಳಗಿನವರು ಪೋಸ್ಟ್‌ಡಾಕ್ ಆಗಿ ಅರ್ಜಿ ಹಾಕಬಹುದು. ದೇಶಕ್ಕಿಷ್ಟು, ವಿಷಯಕ್ಕಿಷ್ಟು ಎಂಬ ಮಿತಿ ಅಲ್ಲಿಲ್ಲ. ಅಲ್ಲಿ ಆತಿಥೇಯರನ್ನು ಹುಡುಕುವುದಾದರೆ, ಗೊಟ್ಟಿಂಗೆನ್‌ನಲ್ಲಿ ಪ್ರಾಂಟ್ಲ್ ಕಾಲದಿಂದ ಬಂದ ಫ್ಲೂಯಿಡ್ ಡೈನಮಿಕ್ಸ್ ಪರಂಪರೆಯಿದೆ. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಒತ್ತಡದ ಅನಿಲ ತುಂಬಿದ ಟರ್ಬುಲೆನ್ಸ್ ಸುರಂಗವೂ ಇದೆ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್ ಒಂದರಿಂದ ಎರಡು ವರ್ಷದ್ದು, ಸಾಮಾನ್ಯವಾಗಿ ಅಲ್ಲಿನ ಆತಿಥೇಯರ ಮೂಲಕ ಅರ್ಜಿ ಹೋಗುತ್ತದೆ. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಇದೆ.

ದೇಶದೊಳಗೆ ಕೇಂದ್ರ ಸರ್ಕಾರದ ಎಎನ್‌ಆರ್‌ಎಫ್ ನಡೆಸುವ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ವಯೋಮಿತಿ 35, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಸಡಿಲಿಕೆಯಿದೆ. ಐಐಎಸ್‌ಸಿ, ಐಸಿಟಿಎಸ್, ಜವಾಹರಲಾಲ್ ನೆಹರು ಕೇಂದ್ರ, ಹೈದರಾಬಾದಿನ ಟಿಐಎಫ್‌ಆರ್, ಐಐಟಿಗಳು ಸ್ವಂತ ಪೋಸ್ಟ್‌ಡಾಕ್ ಹುದ್ದೆಗಳನ್ನೂ ಕೊಡುತ್ತವೆ. ಮನೆಯ ಜವಾಬ್ದಾರಿಯಿಂದ ಹೊರದೇಶಕ್ಕೆ ಹೋಗಲಾಗದವರು ಇದನ್ನು ಎರಡನೇ ದರ್ಜೆಯ ಆಯ್ಕೆ ಎಂದು ಭಾವಿಸಬೇಕಿಲ್ಲ. ಸತೀಶ್ ಧವನ್ 1951ರಲ್ಲಿ ಐಐಎಸ್‌ಸಿಗೆ ಬಂದು ಕಟ್ಟಿದ ಪರಂಪರೆಯ ದೆಸೆಯಿಂದ ಬೆಂಗಳೂರಿನ ಹೆಸರು ಈ ಕ್ಷೇತ್ರದ ಎಲ್ಲೆಡೆ ಗೊತ್ತು. ಒಂದೇ ಎಚ್ಚರಿಕೆ: ಪಿಎಚ್.ಡಿ ಮಾಡಿದ ಲ್ಯಾಬಿನಲ್ಲೇ ಮುಂದುವರಿಯಬೇಡಿ. ಮುಂದೆ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ನಿಮ್ಮ ಸ್ವಂತ ಆಲೋಚನೆ ಯಾವುದು, ಗೈಡಿನದು ಯಾವುದು ಎಂದು ಕೇಳುತ್ತಾರೆ.

ಸಂದರ್ಶನ ಮತ್ತು ಕಾಗದಪತ್ರ

ಸಂದರ್ಶನ ಈಗ ಹೆಚ್ಚಾಗಿ ಆನ್‌ಲೈನ್. ಇಪ್ಪತ್ತು ನಿಮಿಷದ ಭಾಷಣ, ಆಮೇಲೆ ಪ್ರಶ್ನೆ. ಗ್ರಿಡ್ ಎಷ್ಟು ಸಣ್ಣದು, ಗೋಡೆಯ ಪಕ್ಕದ ಮೊದಲ ಬಿಂದು ಎಲ್ಲಿ, ಸರಾಸರಿ ತೆಗೆಯಲು ಎಷ್ಟು ಕಾಲ ಓಡಿಸಿದಿರಿ, ಅಳತೆಯಲ್ಲಿ ಅನಿಶ್ಚಿತತೆ ಎಷ್ಟು ಎಂದು ಖಂಡಿತ ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಹೇಗೆ ಕಂಡುಹಿಡಿಯುತ್ತೀರಿ ಎಂದು ಸೇರಿಸಿ. ನೀವೂ ಕೇಳಬೇಕಾದ್ದಿದೆ: ಕರಾರು ಒಂದು ವರ್ಷದ್ದೋ ಎರಡರದ್ದೋ, ಕೋಡ್ ಈಗಾಗಲೇ ಇದೆಯೋ ಬರೆಯಬೇಕೋ, ಸೂಪರ್‌ಕಂಪ್ಯೂಟರಿನ ಸಮಯ ಮಂಜೂರಾಗಿದೆಯೋ, ಪ್ರಯೋಗದ ಉಪಕರಣ ನಿಂತಿದೆಯೋ ಕಾಗದದ ಮೇಲಿದೆಯೋ. ಉಪಕರಣ ಕಟ್ಟುವುದರಲ್ಲೇ ಎರಡು ವರ್ಷ ಕಳೆದು ಪೇಪರ್ ಇಲ್ಲದೆ ಹೊರಬರುವ ಪ್ರಯೋಗಕಾರರು ಎಲ್ಲ ದೇಶಗಳಲ್ಲೂ ಇದ್ದಾರೆ. ಆ ಗುಂಪಿನಿಂದ ಹೊರಹೋದ ಇಬ್ಬರ ಜೊತೆ ಮಾತಾಡದೆ ಒಪ್ಪಿಗೆ ಕೊಡಬೇಡಿ.

ಈ ವಿಷಯಕ್ಕೆಂದೇ ಬರುವ ಕೆಲವು ತೊಡಕುಗಳಿವೆ. ಬ್ರಿಟನ್ನಿನಲ್ಲಿ ಏರೋಸ್ಪೇಸ್, ಮೆಕ್ಯಾನಿಕಲ್‌ನಂಥ ವಿಷಯಗಳಲ್ಲಿ ಸಂಶೋಧನೆ ಮಾಡಲು ಭಾರತೀಯರಿಗೆ ವೀಸಾಕ್ಕೂ ಮೊದಲು ಎಟಿಎಎಸ್ ಎಂಬ ಅನುಮತಿ ಬೇಕು. 2021ರಿಂದ ಇದು ಪೋಸ್ಟ್‌ಡಾಕ್‌ಗಳಿಗೂ ಅನ್ವಯಿಸುತ್ತದೆ; ಶುಲ್ಕವಿಲ್ಲ, ಆದರೆ ವಾರಗಳು ಹಿಡಿಯುತ್ತವೆ. ಅಮೆರಿಕದಲ್ಲಿ ಹೈಪರ್‌ಸಾನಿಕ್ಸ್ ಮತ್ತು ರಕ್ಷಣಾ ಹಣದ ಎಷ್ಟೋ ಯೋಜನೆಗಳು ಅಲ್ಲಿನ ಪ್ರಜೆಗಳಿಗೆ ಮಾತ್ರ. ಜಾಹೀರಾತಿನ ಕೊನೆಯ ಸಾಲುಗಳನ್ನು ಮೊದಲು ಓದಿದರೆ ಶ್ರಮ ಉಳಿಯುತ್ತದೆ. ಪೋಸ್ಟ್‌ಡಾಕ್‌ಗಳಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಜೆ-1 ವೀಸಾ. ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿಗೆ ಕಾರಣವಾಗುತ್ತಿದ್ದ ಕೌಶಲ್ಯ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ಕೈಬಿಟ್ಟಿದ್ದಾರೆ. ಆದರೆ ಸರ್ಕಾರಿ ಹಣದ ಫೆಲೋಶಿಪ್‌ನಲ್ಲಿ, ಉದಾಹರಣೆಗೆ ಫುಲ್‌ಬ್ರೈಟ್‌ನಲ್ಲಿ, ಹೋದವರಿಗೆ ಆ ಷರತ್ತು ಉಳಿದೇ ಇದೆ. ಐರೋಪ್ಯ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ ಸಂಶೋಧಕರ ವೀಸಾದಲ್ಲಿ ಕುಟುಂಬವನ್ನು ಕರೆದೊಯ್ಯಬಹುದು, ಕೆಲಸ ಮುಗಿದ ಮೇಲೆ ಬೇರೆ ಉದ್ಯೋಗ ಹುಡುಕಲು ಕನಿಷ್ಠ ಒಂಬತ್ತು ತಿಂಗಳು ಉಳಿಯಬಹುದು.

ನಮ್ಮ ಕಡೆಯ ತೊಡಕು ವೈವಾ. ಥೀಸಿಸ್ ಸಲ್ಲಿಸಿ ಪರೀಕ್ಷಕರ ವರದಿ ಬರಲು ಆರು ತಿಂಗಳು, ಕೆಲವು ಕಡೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಹೊರದೇಶದ ವಿಶ್ವವಿದ್ಯಾಲಯ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಪದವಿಯ ದಾಖಲೆ ಕೇಳುತ್ತದೆ; ಮೇರಿ ಕ್ಯೂರಿಗಂತೂ ಗಡುವಿನ ದಿನ ಪಿಎಚ್.ಡಿ ಆಗಿರಬೇಕು. ಪರೀಕ್ಷಕರ ಪಟ್ಟಿಯನ್ನು ಸಿನಾಪ್ಸಿಸ್ ಕೊಡುವಾಗಲೇ ಗೈಡ್ ಜೊತೆ ಕೂತು ತಯಾರಿಸಿ, ವರದಿಯನ್ನು ಬೇಗ ಕಳಿಸುವವರನ್ನು ಆರಿಸಲು ಕೇಳಿಕೊಳ್ಳಿ. ವೈವಾ ಮುಗಿದ ದಿನವೇ ಪ್ರೊವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಕೊಡಿ. ಅದು ಇಂಗ್ಲಿಷಿನಲ್ಲಿರಲಿ, ಪದವಿ ಸಂದ ದಿನಾಂಕ ಅದರಲ್ಲಿ ಸ್ಪಷ್ಟವಾಗಿರಲಿ, ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಅದರಲ್ಲಿರುವ ಹೆಸರಿಗೂ ಒಂದು ಇನಿಷಿಯಲ್‌ನ ವ್ಯತ್ಯಾಸವೂ ಬೇಡ. ಹೆಸರಿನ ಮುಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಹಾಕಿಕೊಳ್ಳುವ ನಮ್ಮವರಿಗೆ ಈ ಕೊನೆಯ ವಿಷಯ ವಾರಗಟ್ಟಲೆ ಓಡಾಟ ಕೊಟ್ಟಿದೆ. ಪಾಸ್‌ಪೋರ್ಟ್ ತಿದ್ದಿಸಬೇಕಾದರೆ ಥೀಸಿಸ್ ಬರೆಯುತ್ತಿರುವಾಗಲೇ ತಿದ್ದಿಸಿಕೊಳ್ಳಿ.